ಸುಕನ್ಯಾ ಸಿಸ್ಟರ್ ಹಾಕಿದ ಟೋಪಿ

ಲಾಲಪ್ಪ ಮಾಸ್ತರರ ತಲೆಯನ್ನು ಟೊಪ್ಪಗಿಯೊಂದು ಹಿಡಿದುಕೊಂಡು ಬಿಡಲೊಲ್ಲೆನೆಂದದ್ದು ಸಿಂಧನೂರಿನಲ್ಲಿ, ಏಪ್ರಿಲ್ ಹದಿನಾಲ್ಕರ ಜಯಂತಿಯ ಮಧ್ಯಾಹ್ನ, ಪೆಂಡಾಲು ತುಂಬ ಕೂತಿದ್ದ ಜನರ ಕಣ್ಣೆದುರು.

ಅಂದು ನಿವೃತ್ತ ಹೆಡ್‌ಮಾಸ್ತರ ಲಾಲಪ್ಪನವರಿಗೆ ಸನ್ಮಾನ. ಸಿಂಧನೂರಿನ ಏಪ್ರಿಲ್‌ನಲ್ಲಿ ನಡೆಯುವ ಸನ್ಮಾನದಲ್ಲಿ ಇಂಗ್ಲಿಷಿನ ಸನ್ನೂ ಇರುತ್ತದೆ, ಮಾನವೂ ಇರುತ್ತದೆ. ಆ ದಿನ ಮೊದಲನೆಯದು ಉಳಿದು ಎರಡನೆಯದು ಹೋಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಮುಗಿದ ಮೇಲೆ ಮೈಕಿನಲ್ಲಿ ‘ಈಗ ಕುಟುಂಬದ ವತಿಯಿಂದ’ ಎಂದು ಕೂಗಿದರು. ಮಾಸ್ತರರ ತಮ್ಮನ ಹೆಂಡತಿ ಸುಕನ್ಯಾ ಲಿಂಗಸುಗೂರಿನಿಂದ ಅದಕ್ಕೆಂದೇ ಬಂದಿದ್ದಳು. ವೇದಿಕೆ ಹತ್ತಿ, ತಾನೇ ಮಷೀನಿನಲ್ಲಿ ಹೆಣೆದ ನೀಲಿ ಉಣ್ಣೆಯ ಟೊಪ್ಪಗಿಯನ್ನು ಭಾವನ ತಲೆಗೆ ತೊಡಿಸಿದಳು. ಚಪ್ಪಾಳೆ ಬಿತ್ತು. ಬೆಳಿಗ್ಗೆ ಬಣ್ಣಕ್ಕೆ ಅದ್ದಿದ್ದ ಟೊಪ್ಪಗಿ ಇನ್ನೂ ಹಸಿ ಇತ್ತು. ಆ ಸೆಕೆಯಲ್ಲಿ ತಲೆಗೆ ಅದು ಹಿತವೆನಿಸಿ ಮಾಸ್ತರರು ಅದನ್ನು ತೆಗೆಯದೆಯೇ ಉತ್ತರ ಭಾಷಣಕ್ಕೆ ನಿಂತರು.

ಮಾಸ್ತರರ ಭಾಷಣ ಎಂದರೆ ಅಶೋಕನಿಂದ ಶುರುವಾಗಬೇಕು. ಮಸ್ಕಿಯ ಬಂಡೆಯ ಮೇಲೆ ಅಶೋಕ ತನ್ನ ಹೆಸರು ಕೆತ್ತಿಸಿದ ಕತೆಯನ್ನು ಅವರು ಹೇಳಿ ಮುಗಿಸುವಷ್ಟರಲ್ಲಿ ಮೇಲಿನ ತಗಡು ಕಾದು, ಉಣ್ಣೆ ಒಣಗಿ, ಟೊಪ್ಪಗಿ ಬಿಗಿಯತೊಡಗಿತು. ಬೆವರಿನ ಜೊತೆ ನೀಲಿ ಬಣ್ಣ ಹಣೆಯ ಮೇಲಿಂದ ಹುಬ್ಬಿಗೆ, ಹುಬ್ಬಿನಿಂದ ಕೆನ್ನೆಗೆ ಇಳಿಯಿತು. ಮುಂದಿನ ಸಾಲಿನವರು ಮಾಸ್ತರರು ಭಾವುಕರಾಗಿದ್ದಾರೆಂದು ತಿಳಿದರು. ಕೊನೆಯಲ್ಲಿ ಸಭೆಗೆ ವಂದಿಸಲು ಟೊಪ್ಪಗಿ ಎತ್ತಹೋದರೆ ಅದು ಏಳಲಿಲ್ಲ. ಎರಡೂ ಕೈ ಹಾಕಿದರು. ಹುಬ್ಬು ಮಾತ್ರ ಎದ್ದವು.

ಹಿತೈಷಿಗಳು ಅವರನ್ನು ವೇದಿಕೆಯ ಹಿಂದಿನ ನಲ್ಲಿಗೆ ಕರೆದೊಯ್ದರು. ನೆನೆಸಿದರೆ ಸಡಿಲಾಗುತ್ತದೆ ಎಂದರೊಬ್ಬರು. ಸೋಪು ಹಚ್ಚಿದರೆ ಜಾರುತ್ತದೆ ಎಂದರಿನ್ನೊಬ್ಬರು. ಚೆನ್ನಾಗಿ ತಿಕ್ಕಬೇಕು ಎಂದ ಮೂರನೆಯವನು ತೋಳು ಮಡಚಿ ನಿಂತೇಬಿಟ್ಟ. ನಲ್ಲಿಗೆ ನೀರು ಬರುತ್ತಿದ್ದುದು ಮಾಳಿಗೆಯ ಮೇಲಿನ ಕರಿ ಟ್ಯಾಂಕಿನಿಂದ. ಏಪ್ರಿಲ್‌ನಲ್ಲಿ ಆ ಟ್ಯಾಂಕಿನ ನೀರಿಗೆ ಚಹಾಪುಡಿ ಹಾಕುವುದೊಂದೇ ಬಾಕಿ. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಕೂಡಿದರೆ ಉಣ್ಣೆಯ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಕುಗ್ಗಿ ಕಂಬಳಿಯಂತೆ ಗಟ್ಟಿಯಾಗುತ್ತವೆ ಎಂಬುದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ತಿಕ್ಕಿದಷ್ಟೂ ಅದು ಬಿಗಿಯಿತು. ಬಿಗಿದಷ್ಟೂ ಅವರು ತಿಕ್ಕಿದರು. ಕಡೆಗೆ ಕ್ಷೌರದ ಲಕ್ಷ್ಮಣನನ್ನು ಅಂಗಡಿಯಿಂದ ಎಬ್ಬಿಸಿ ಕರೆತಂದರು. ಅವನು ಹಿಂದಿನಿಂದ ಕತ್ತರಿ ತೂರಿಸಿ ಟೊಪ್ಪಗಿಯನ್ನು ಸೀಳಿದ. ಮಾಸ್ತರರ ಬಳಿ ಉಳಿದಿದ್ದ ಕೊನೆಯ ಕೂದಲುಗಳೂ ಅದರ ಜೊತೆಗೆ ಹೋದವು.

ಇಷ್ಟು ಹೊತ್ತು ಅಣ್ಣನ ಕನ್ನಡಕ ಹಿಡಿದು ಪಕ್ಕದಲ್ಲಿ ನಿಂತಿದ್ದವನು ಭೀಮೇಶ. ಮಾಸ್ತರರ ತಮ್ಮ, ಸುಕನ್ಯಾಳ ಗಂಡ. ಹಟ್ಟಿಯ ಚಿನ್ನದ ಗಣಿಯ ಟೈಮ್ ಆಫೀಸಿನಲ್ಲಿ ಒಂದು ಆಯುಷ್ಯ ಕಳೆದವನು. ಮನೆಗೆ ತಂದ ಬಂಗಾರವೆಂದರೆ ವರ್ಷಕ್ಕೊಮ್ಮೆ ದಸರೆಯ ಬನ್ನಿ ಎಲೆ ಅಷ್ಟೆ. ತಂದೆಯಿಲ್ಲದ ಅವನನ್ನು ಓದಿಸಿ, ಕೆಲಸಕ್ಕೆ ಹಚ್ಚಿದ್ದು ಅಣ್ಣ. ಅಣ್ಣ ಹೇಳಿದ್ದಕ್ಕೆ ಅವನು ಈವರೆಗೆ ಇಲ್ಲ ಎಂದಿರಲಿಲ್ಲ. ಹೆಂಡತಿ ಹೇಳಿದ್ದಕ್ಕೂ ಎಂದಿರಲಿಲ್ಲ. ಇಬ್ಬರೂ ಬೇರೆ ಬೇರೆ ಹೇಳಬಹುದೆಂಬ ಯೋಚನೆ ಅವನಿಗೆ ಬಂದಿರಲಿಲ್ಲ.

ಲಕ್ಷ್ಮಣ ಬಿಸಾಕಿದ ನೀಲಿ ಟೊಪ್ಪಗಿಯನ್ನು ಸುಕನ್ಯಾ ಎತ್ತಿಕೊಂಡಳು. ಹಿಂಡಿ, ತಿರುವಿ, ಬೆಳಕಿಗೆ ಹಿಡಿದಳು. ತಪ್ಪಾಯಿತೆಂದು ಈಗ ಭಾವನ ಕಾಲಿಗೆ ಬೀಳಬಹುದೆಂದು ಭೀಮೇಶ ಕಾದ. ಅವಳ ಮುಖ ಮಾತ್ರ ಅರಳಿತ್ತು.

“ನೋಡ್ರಿ ಇಲ್ಲಿ,” ಎಂದಳು ಗಂಡನಿಗೆ, ಮೆಲ್ಲಗೆ. “ಒಂದು ಎಳಿ ಸೈತ ಕಾಣವಲ್ದು. ನಾ ತಿಂಗಳಗಟ್ಲೆ ಮಾಡಿದ್ರೂ ಹಿಂಗ ಬಂದಿದ್ದಿಲ್ಲ.”

ಅಣ್ಣನಿಗೆ ಕೇಳಿಸದಿರಲಿ ಎಂದು ಭೀಮೇಶ ಬುದ್ಧನಿಗೂ ಮನೆದೇವರಿಗೂ ಒಟ್ಟಿಗೆ ಬೇಡಿಕೊಂಡ. ಅಣ್ಣನಿಗೆ ಕೇಳಿಸಿತ್ತು.

ಟೋಪಿ ಹಾಕುವುದೆಂದರೇನು ಎಂದು ಕನ್ನಡ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಸಿಂಧನೂರು ಆ ಮಾತನ್ನು ಬಹಳ ದಿನ ಬಾಯಲ್ಲಿ ಇಟ್ಟುಕೊಂಡು ಚೀಪಿತು.

ಸುಕನ್ಯಾಳ ಹುಟ್ಟೂರು ಮಸ್ಕಿ. ಮಸ್ಕಿಯವಳಾದರೂ ಮಸ್ಕಾ ಹೊಡೆಯುವ ವಿದ್ಯೆ ಅವಳಿಗೆ ಬರಲಿಲ್ಲ. ಹಳ್ಳಿ ಹಳ್ಳಿ ತಿರುಗಿ ಚುಚ್ಚುಮದ್ದು ಹಾಕುವ ನರ್ಸಾಗಿ ಸೇವೆ ಮುಗಿಸಿದವಳು. ಸುತ್ತಲಿನ ಊರುಗಳಿಗೆ ಇಂದಿಗೂ ಸುಕನ್ಯಾ ಸಿಸ್ಟರ್. ಸೂಜಿಗೆ ಹೆದರಿ ತಾಯಂದಿರು ಮಕ್ಕಳನ್ನು ಬಚ್ಚಿಟ್ಟು ಬಾಗಿಲು ಹಾಕಿಕೊಂಡರೆ ಅವಳು ಜಗಳವಾಡುತ್ತಿರಲಿಲ್ಲ. ಹೊಸ್ತಿಲ ಮೇಲೆ ಕೂತು ಚೀಲದಿಂದ ಉಣ್ಣೆ ತೆಗೆದು ಹೆಣೆಯತೊಡಗುತ್ತಿದ್ದಳು. ಒಳಗಿನವರು ನೀರು ನಿಡಿಗೆಂದು ಹೊರಗೆ ಬರಲೇಬೇಕು. ಬಂದಾಗ ಕೂಸಿಗೆ ಒಂದು ಕೈಯಲ್ಲಿ ಸೂಜಿ, ಇನ್ನೊಂದು ಕೈಯಲ್ಲಿ ತಲೆಗೆ ತೊಡಿಸುವ ಕುಂಚಿಗೆ. ಬಿಸಿಲ ನಾಡಿನಲ್ಲಿ ಉಣ್ಣೆ ಯಾಕೆಂದು ಕೇಳಿದ ಡಾಕ್ಟರಿಗೆ ಅವಳು ಹೇಳಿದ್ದಿಷ್ಟೆ: ಆಗಷ್ಟೇ ಹುಟ್ಟಿದ ಕೂಸಿಗೆ ಮೇ ತಿಂಗಳೂ ಚಳಿಗಾಲವೇ.

ಹೆಣಿಗೆಯ ಮಷೀನು ಬಂದದ್ದು ನಿವೃತ್ತಿಯ ನಂತರ. ಮಸ್ಕಿಯಲ್ಲಿ ಹೊಲಿಗೆ ತರಬೇತಿ ನಡೆಸುತ್ತಿದ್ದ ಗೆಳತಿ ಶಾಕೀರಾ ಕೇಂದ್ರ ಮುಚ್ಚುವಾಗ, ಯಾರೂ ಕಲಿಯಲು ಬಾರದ ಆ ಯಂತ್ರವನ್ನು ಇವಳ ತಲೆಗೆ ಕಟ್ಟಿದಳು. ಆಳುದ್ದದ ಹಲಗೆ, ಬಾಚಣಿಗೆಯ ಹಲ್ಲಿನಂತೆ ಸಾಲು ಸೂಜಿ, ಅದರ ಮೇಲೆ ಅತ್ತಿಂದಿತ್ತ ಎಳೆಯುವ ಹಿಡಿಕೆ. ಒಂದು ಎಳೆತಕ್ಕೆ ಒಂದು ಸಾಲು. ಮನೆಯ ಪಡಸಾಲೆಯಲ್ಲಿ, ಸೋಫಾ ಇರಬೇಕಾದ ಜಾಗದಲ್ಲಿ ಅದು ಕೂತಿತು. ಅದರ ಖರ್ ಖರ್ ಸದ್ದಿಗೆ ಟಿವಿಯಲ್ಲಿ ವಾರ್ತೆ ಓದುವವರ ಬಾಯಿ ಮಾತ್ರ ಕಾಣುತ್ತಿತ್ತು. ದೀಪಾವಳಿಗೆ, ದಸರೆಗೆ, ಹೊಸ ವರ್ಷಕ್ಕೆ ಎಲ್ಲ ಬಂಧುಗಳಿಗೂ ಮಫ್ಲರು, ಸ್ವೆಟರು, ಕಾಲುಚೀಲ. ಅವರು ಕಣ್ಣಿಗೊತ್ತಿಕೊಂಡು ತೆಗೆದುಕೊಂಡು, ಟ್ರಂಕಿನಲ್ಲಿ ಡಾಂಬರು ಗುಳಿಗೆಯ ಜೊತೆ ಸಮಾಧಿ ಮಾಡುತ್ತಿದ್ದರು. ಹೆಣಿಗೆ ಎಂಬುದರಲ್ಲಿ ಹೆಣಗಾಟವೂ ಸೇರಿದೆ ಎಂದು ಭೀಮೇಶನಿಗೆ ಅರ್ಥವಾದದ್ದು ಆಗಲೇ. ಇತ್ತೀಚೆಗೆ ಅವಳಿಗೆ ಹೆಣೆದದ್ದನ್ನು ಕುಗ್ಗಿಸಿ ಗಟ್ಟಿ ಮಾಡುವ ಹುಚ್ಚು ಹತ್ತಿತ್ತು. ಫೋನಿನಲ್ಲಿ ಯಾವುದೋ ಹಿಮದ ದೇಶದ ಹೆಂಗಸು ಕಲಿಸುತ್ತಿದ್ದಳು. ಇವಳಿಗೆ ಅದು ಕೈಹತ್ತಿರಲಿಲ್ಲ. ಭಾವನ ತಲೆ ಆ ಪಾಠವನ್ನು ಪೂರ್ತಿ ಮಾಡಿತು.

ಮುಂದಿನ ಭಾನುವಾರ ಮಾಸ್ತರರು ಹೆಂಡತಿ ಉಮಾದೇವಿಯೊಂದಿಗೆ ಲಿಂಗಸುಗೂರಿಗೆ ಬಂದರು. ಕಿವಿಯ ಹಿಂದೆ ನೀಲಿ ಇನ್ನೂ ಇತ್ತು. ಮಷೀನಿಗೆ ಎದುರಾಗಿ ಕೂತು, ಸಭೆಯಲ್ಲಿ ಮಾತಾಡುವ ಧ್ವನಿಯಲ್ಲಿಯೇ ಮಾತಾಡಿದರು. ಈ ಸೀಮೆಯಲ್ಲಿ ನಿಜಾಮನ ಕಾಲದಿಂದ ಇಂದಿನವರೆಗೆ ವರ್ಷಪೂರ್ತಿ ಉಣ್ಣೆ ಹೊತ್ತು ತಿರುಗಿದ್ದು ಕುರಿಯೊಂದೇ, ಅದೂ ಬೇರೆ ದಾರಿಯಿಲ್ಲದ್ದಕ್ಕೆ. ತಾವು ಕುರಿಯಾದದ್ದು ಸಾಕು. ಈ ಮಷೀನು ಮನೆಯಿಂದ ಹೋಗಬೇಕು. ಗುಜರಿಯ ಶಾಮೀದಸಾಬನಿಗೆ ತಾವೇ ಹೇಳಿ ಕಳಿಸುತ್ತಾರೆ. ಉಮಾದೇವಿ ಆ ಜಾಗಕ್ಕೆ ಸೋಫಾ ಹಿಡಿಸುತ್ತದೆಯೇ ಎಂದು ಗೇಣು ಹಾಕಿ ನೋಡಿದಳು. ಅಣ್ಣ ತನ್ನ ಕಡೆ ತಿರುಗಿದಾಗ ಭೀಮೇಶ, ರೂಢಿಯಂತೆ, ತಲೆಯಾಡಿಸಿದ.

ಆಡಿಸಿದ ಮೇಲೆ ಹೆಂಡತಿಯ ಮುಖ ನೋಡಿದ. ನೋಡಬಾರದಿತ್ತು.

“ಆತ್ರಿ ಭಾವ,” ಎಂದಳು ಸುಕನ್ಯಾ. “ದಸರಾಕ್ಕ ನಾವೆಲ್ಲಾ ನಿಮ್ಮ ಮನ್ಯಾಗ ಕೂಡತೀವಲ್ಲ, ಆವತ್ತ ಎಲ್ಲಾರಿಗೂ ಇದರಾಗ ಮಾಡಿದ್ದ ಕೊಡಾಕಿ ನಾ. ಅದನ್ನ ಆವತ್ತ ಒಬ್ಬರೂ ಬಳಸಲಿಲ್ಲಂದ್ರ ಮಷೀನ್ ನಾನ ಎತ್ತಿ ಗಾಡಿಗಿ ಇಡ್ತೀನಿ. ಅಲ್ಲೀಮಟ ಇದನ್ನ ಯಾರೂ ಮುಟ್ಟಂಗಿಲ್ಲ.”

ಮಾಸ್ತರರು ಉದಾರವಾಗಿ ಒಪ್ಪಿದರು. ಸೋಲುವವರಿಗೆ ವಾಯಿದೆ ಕೊಡುವುದರಲ್ಲಿ ನಷ್ಟವಿಲ್ಲ. ಅವರು ಹೋದ ಮೇಲೆ ಸುಕನ್ಯಾ ಸೀಳಿದ ನೀಲಿ ಟೊಪ್ಪಗಿಯನ್ನು ಮಷೀನಿನ ಮೇಲಿನ ಮೊಳೆಗೆ, ಪದಕದಂತೆ, ನೇತುಹಾಕಿದಳು.

ಮೇ ಬಂತು. ಅಂಗಡಿಯಲ್ಲಿ ಉಲನ್ ಎಂದು ಮಾರುವುದು ಪ್ಲಾಸ್ಟಿಕ್ಕಿನ ತಮ್ಮ, ಅದನ್ನು ಎಷ್ಟು ಬೇಯಿಸಿದರೂ ಕುಗ್ಗುವುದಿಲ್ಲ. ಸುಕನ್ಯಾ ಮಸ್ಕಿಯ ಸಂತೆಯಿಂದ ಕೈಯಲ್ಲಿ ನೂತ ಕುರಿಯ ಉಣ್ಣೆಯನ್ನೇ ತರಿಸಿದಳು. ಕರಿ ಮತ್ತು ಕಂದು, ಬಣ್ಣದ ಗೊಡವೆಯೇ ಬೇಡ. ಕುಗ್ಗುವ ಲೆಕ್ಕ ಹಿಡಿದು ಒಂದೊಂದು ಟೊಪ್ಪಗಿಯನ್ನೂ ಬಕೆಟ್ಟಿನ ಗಾತ್ರಕ್ಕೆ ಹೆಣೆದಳು. ಮಧ್ಯಾಹ್ನ ಊರೆಲ್ಲ ಬಾಗಿಲು ಹಾಕಿಕೊಂಡು ಫ್ಯಾನಿನ ಕೆಳಗೆ ಬಿದ್ದಿರುವಾಗ ಮಾಳಿಗೆ ಹತ್ತಿ, ಕರಿ ಟ್ಯಾಂಕಿನ ನೀರನ್ನು ಟಬ್ಬಿಗೆ ಬಿಟ್ಟು, ಸೋಪು ತುರಿದು ಹಾಕಿ, ಸೀರೆ ಎತ್ತಿ ಕಟ್ಟಿ ಅದರೊಳಗೆ ನಿಂತು ತುಳಿಯತೊಡಗಿದಳು. ಭೀಮೇಶನ ಕೆಲಸ ಅವಳ ತಲೆಯ ಮೇಲೆ ಕೊಡೆ ಹಿಡಿಯುವುದು. ಯಾರಾದರೂ ಕಂಡರೆ ಕೊಡೆ ತನ್ನದಲ್ಲ, ಹೆಂಡತಿಯೂ ಇರಲಿಕ್ಕಿಲ್ಲ ಎಂಬಂಥ ಮುಖ ಮಾಡಿ ನಿಲ್ಲುತ್ತಿದ್ದ.

ಪಕ್ಕದ ಮಾಳಿಗೆಯಲ್ಲಿ ಹಪ್ಪಳ ಒಣಹಾಕಲು ಬಂದ ಗುಲ್ಷನ್‌ಬೀ ನೋಡಿಯೇ ನೋಡಿದಳು. “ಏನ್ ತುಳ್ಯಾಕತ್ತೀರಿ ಸಿಸ್ಟರ್, ಇಂಥಾ ಉರಿಯಾಗ?”

“ಈ ಉರೀನ ತುಳ್ಯಾಕತ್ತೀನಿ,” ಎಂದಳು ಸುಕನ್ಯಾ, ಕಾಲು ನಿಲ್ಲಿಸದೆ.

ಆದರೆ ತಲೆಯೊಂದಿಗೆ ತಿಕ್ಕಿದಾಗ ಕುಗ್ಗಿದ್ದೇ ಬೇರೆ, ತಲೆಯಿಲ್ಲದೆ ತುಳಿದಾಗ ಕುಗ್ಗಿದ್ದೇ ಬೇರೆ. ಒಳಗೆ ತಡೆಯಲು ಏನೂ ಇಲ್ಲದ್ದರಿಂದ ಟೊಪ್ಪಗಿಗಳು ಮುದುಡುತ್ತ ಮುದುಡುತ್ತ ಉದ್ದನೆಯ, ಕಿರಿದಾದ ಚೀಲಗಳಾದವು. ಒಂದನ್ನು ಭೀಮೇಶನ ತಲೆಗಿಟ್ಟರೆ ಮಡಿಕೆಯ ಮೇಲೆ ಲೋಟ ಬೋರಲು ಹಾಕಿದಂತೆ ಕಂಡಿತು. ಬೇಸಿಗೆ ಮುಗಿದಾಗ ಪಡಸಾಲೆಯ ಹಗ್ಗದ ಮೇಲೆ ಅಂಥ ಚೀಲಗಳ ಸಾಲೇ ನೇತಾಡುತ್ತಿತ್ತು. ಯಾರ ತಲೆಗೂ ಆಗದವು. ಮಷೀನು ಹೋದಂತೆಯೇ ಎಂದುಕೊಂಡ ಭೀಮೇಶ. ಸದ್ದಿಲ್ಲದ ಪಡಸಾಲೆಯಲ್ಲಿ ಪೂರ್ತಿ ವಾರ್ತೆ ಕೇಳುವ ಸುಖವನ್ನು ನೆನೆಸಲು ನೋಡಿದ. ಯಾಕೋ ಅದು ಸುಖದಂತೆ ಕಾಣಲಿಲ್ಲ.

ಶ್ರಾವಣದಲ್ಲಿ ಒಂದು ದಿನ ಬಾಗಿಲ ಮುಂದೆ ಗುಜರಿಯ ತಳ್ಳುಗಾಡಿ ನಿಂತಿತು. ಶಾಮೀದಸಾಬ ಮುಜುಗರದಿಂದ ಹೇಳಿದ: ಮಾಸ್ತರರು ಫೋನ್ ಮಾಡಿದ್ದರು, ಹೇಗೂ ಹೋಗುವ ಸಾಮಾನು, ಈಗಲೇ ಒಯ್ಯಿ ಎಂದರು. ದಸರೆ ಇನ್ನೂ ದೂರವಿತ್ತು. ಸುಕನ್ಯಾ ಜಗಳವಾಡಲಿಲ್ಲ. ಚುಚ್ಚುಮದ್ದಿನ ದಿನಗಳಂತೆ ಮಷೀನಿನ ಮುಂದಿನ ಸ್ಟೂಲಿನ ಮೇಲೆ ಕೂತು ಹಿಡಿಕೆ ಎಳೆಯತೊಡಗಿದಳು. ಒಯ್ಯಬೇಕೆಂದರೆ ಅವಳನ್ನೂ ಸೇರಿಸಿ ಒಯ್ಯಬೇಕು. ಶಾಮೀದಸಾಬ ಭೀಮೇಶನನ್ನು ನೋಡಿದ. ಭೀಮೇಶ ಟಿವಿಯನ್ನು ನೋಡಿದ. ಟಿವಿ ಬಂದ್ ಆಗಿತ್ತು.

ಕಾದು ಕಾದು ಬಾಯಾರಿದ ಶಾಮೀದಸಾಬ ಗಾಡಿಗೆ ಕಟ್ಟಿದ್ದ ನೀರಿನ ಬಾಟಲಿ ಬಿಚ್ಚಿದ. ಬಿಸಿಲಲ್ಲಿ ತಿರುಗುವ ಎಲ್ಲರೂ ಮಾಡುವಂತೆ ಅದಕ್ಕೆ ಹಸಿ ಗೋಣಿತಟ್ಟಿನ ತುಂಡು ಸುತ್ತಿದ್ದ. ಗೋಣಿ ಹರಿದು ಜೋತಾಡುತ್ತಿತ್ತು. ಹಿಡಿಕೆ ಎಳೆಯುತ್ತಿದ್ದ ಸುಕನ್ಯಾಳ ಕೈ ನಿಂತಿತು. ಎದ್ದಳು, ಹಗ್ಗದಿಂದ ಒಂದು ಚೀಲ ಎಳೆದಳು, ಕೊಡದಲ್ಲಿ ಅದ್ದಿ ಹಿಂಡಿದಳು, ಗೋಣಿ ಕಿತ್ತೆಸೆದು ಅವನ ಬಾಟಲಿಗೆ ತೊಡಿಸಿದಳು. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

ಅವನು ಬರಿಗಾಡಿ ತಳ್ಳಿಕೊಂಡು ಹೋದ. ಮರುದಿನ ತಾನಾಗಿಯೇ ಬಂದ. “ಮಷೀನ್ ಬ್ಯಾಡ್ರೀ ಸಿಸ್ಟರ್,” ಎಂದ. “ಸಂಜೀಮಟ ನೀರು ತಂಪಿದ್ವು. ನಮ್ಮ ಮನ್ಯಾಕಿಗಿ ಒಂದು ಇಂಥಾದ್ದ ಕೊಡ್ರಿ.”

ವಿಜಯದಶಮಿ ಈ ಮನೆತನಕ್ಕೆ ಜೋಡಿ ಹಬ್ಬ. ಬೆಳಿಗ್ಗೆ ಲಾಲಪ್ಪ ಮಾಸ್ತರರ ಮುಂದಾಳತ್ವದಲ್ಲಿ ಬಿಳಿ ಬಟ್ಟೆ ತೊಟ್ಟು ಬುದ್ಧವಂದನೆ. ಅಶೋಕನ ಭಾಷಣ ಅದರ ಭಾಗ. ಸಂಜೆ ಅವರ ತಾಯಿ ಗದ್ದೆಮ್ಮನ ಮುಂದಾಳತ್ವದಲ್ಲಿ ಊರಾಚೆ ಬನ್ನಿ ಗಿಡ. ಮಗ ಬುದ್ಧನ ಕಡೆ ಹೋಗಿ ಎಷ್ಟು ವರ್ಷವಾದರೂ ಮುದುಕಿ ಬನ್ನಿ ಬಿಟ್ಟಿಲ್ಲ, ಮಗನೂ ಅವಳನ್ನು ಬಿಟ್ಟಿಲ್ಲ.

ಲಿಂಗಸುಗೂರಿನಿಂದ ಮಸ್ಕಿ ಹಾಯ್ದು ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ ಚೀಲಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಸುಕನ್ಯಾ ನಿದ್ದೆ ಹೋದಳು. ಭೀಮೇಶನಿಗೆ ನಿದ್ದೆ ಬರಲಿಲ್ಲ.

ಊಟವಾದ ಮೇಲೆ ಕಾಣಿಕೆಗಳು ಹೊರಬಂದವು. ಆ ವರ್ಷ ಮಾಸ್ತರರು ಎಲ್ಲರಿಗೂ ಸ್ಟೀಲಿನ ನೀರಿನ ಬಾಟಲಿ ತಂದಿದ್ದರು. ಒಂದೊಂದರ ಮೇಲೂ ಕೊರೆಯುವ ಮಷೀನು ಹಿಡಿಸಿ ‘ಲಾಲಪ್ಪ, ಹೆಡ್‌ಮಾಸ್ತರ, ಸಿಂಧನೂರು’ ಎಂದು ಹೆಸರು ಹಾಕಿಸಿದ್ದರು. ಅಶೋಕನಿಗೆ ಮಸ್ಕಿಯಲ್ಲಿ ಒಂದು ಬಂಡೆ ಸಾಕಾಯಿತು. ಮಾಸ್ತರರಿಗೆ ಒಂದು ಡಜನ್ನು ಬೇಕಾಯಿತು. ಅವುಗಳ ಪಕ್ಕದಲ್ಲಿ ಸುಕನ್ಯಾ ತನ್ನ ಕರಿ, ಕಂದು ಚೀಲಗಳನ್ನು ಇಟ್ಟಳು. ನೆನೆಸಿ ಬಾಟಲಿಗೆ ಹಾಕಿರಿ ಎಂದಳು, ಮತ್ತೇನೂ ಹೇಳಲಿಲ್ಲ. ತಾನು ಒಂದನ್ನು ನೆನೆಸಿ ತನ್ನ ಬಾಟಲಿಗೆ ಹಾಕಿಕೊಂಡಳು. ಉಳಿದವರು ಕಣ್ಣಿಗೊತ್ತಿಕೊಂಡು ಕೈಚೀಲಕ್ಕೆ ಇಳಿಬಿಟ್ಟರು. ಮಾಸ್ತರರು ತಮ್ಮದನ್ನು ನಾಲ್ಕು ಮಡಿಕೆ ಮಾಡಿ ಟಿವಿಯ ಹಿಂದೆ ಸೇರಿಸಿ, ಭೀಮೇಶನನ್ನು ಪಕ್ಕಕ್ಕೆ ಕರೆದು, ನಾಳೆ ಶಾಮೀದಸಾಬನಿಗೆ ಬರಹೇಳಲೇ ಎಂದು ಕೇಳಿದರು. ಭೀಮೇಶ ತಲೆಯಾಡಿಸಲಿಲ್ಲ. ಕುತ್ತಿಗೆ ಹಿಡಿದುಕೊಂಡಿದೆ ಎಂಬಂತೆ ಅದನ್ನು ನೀವಿಕೊಂಡ. ಅಣ್ಣ ಅತ್ತ ತಿರುಗಿದ ಮೇಲೆ ಟಿವಿಯ ಹಿಂದೆ ಕೈ ಹಾಕಿದ.

ಬಿಸಿಲು ಇಳಿಯುವ ಮೊದಲೇ ಗದ್ದೆಮ್ಮ ಕೋಲು ಹಿಡಿದು ಹೊರಟಳು, ಹಿಂದೆ ಇಡೀ ಮನೆ. ಕಾಲುವೆಯ ಏರಿಯ ಮೇಲೆ ಉದ್ದಕ್ಕೆ ನಡೆಯಬೇಕು. ಹಿಂಗಾರಿನ ಬಿಸಿಲು ಎರಡೂ ಕಡೆಯ ಗದ್ದೆಯ ಮೇಲಿಂದ ಚುರುಗುಟ್ಟುತ್ತಿತ್ತು. ಎಲ್ಲರ ಕೈಯಲ್ಲೂ ಹೊಸ ಸ್ಟೀಲು ಮಿಂಚುತ್ತಿತ್ತು. ಮಿಂಚುತ್ತ ಮಿಂಚುತ್ತ ಕಾಯುತ್ತಿತ್ತು. ಅರ್ಧ ದಾರಿಯಲ್ಲಿ ಮುದುಕಿ ನೀರು ಕೇಳಿದಳು. ಮಾಸ್ತರರು ತಮ್ಮ ಬಾಟಲಿಯನ್ನೇ ಮುಚ್ಚಳ ತೆಗೆದು ಕೊಟ್ಟರು.

ಗದ್ದೆಮ್ಮ ಒಂದು ಗುಟುಕು ಬಾಯಿಗೆ ಹಾಕಿ ಏರಿಯ ಮೇಲೆಯೇ ಉಗುಳಿದಳು. “ನೀರು ಕೇಳಿದ್ರ ಚಾ ಕೊಟ್ಟಿಯೇನೋ ಲಾಲ್ಯಾ? ಸಕ್ಕರೀನರ ಹಾಕಬಾರ್ದೇನು?”

ಸುಕನ್ಯಾ ತನ್ನ ಕರಿ ಚೀಲದ ಬಾಟಲಿಯನ್ನು ಅತ್ತೆಯ ಕೈಗಿಟ್ಟಳು. ಮುದುಕಿ ಅನುಮಾನದಿಂದ ಮೂಸಿದಳು, ಕುಡಿದಳು, ನಿಂತಳು, ಮತ್ತೆ ಕುಡಿದಳು. ಫ್ರಿಜ್ಜಿನ ನೀರಿಗೆ ಹಲ್ಲು ಜುಮ್ಮೆನ್ನುತ್ತದೆಂದು ಇಂದಿಗೂ ಮಣ್ಣಿನ ಗಡಿಗೆಯ ನೀರು ಮಾತ್ರ ಕುಡಿಯುವವಳು ಅವಳು.

“ಗಡಿಗಿ ನೀರು,” ಎಂದು ತೀರ್ಪು ಕೊಟ್ಟಳು. “ಗಡಿಗೀಗಿ ಯಾರವ್ವ ಅಂಗಿ ಹೊಲ್ದಾಕಿ?” ಬಾಟಲಿಯನ್ನು ವಾಪಸು ಕೊಡಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ಮುಂದೆ ನಡೆದಳು.

ಆಮೇಲೆ ಉಮಾದೇವಿಯೇ ಮೊದಲು, ಕಾಲಿಗೆ ಮಣ್ಣಾಗಿದೆ ಎಂದು ನೆವ ಹೇಳಿ, ಕಾಲುವೆಯ ಮೆಟ್ಟಿಲಿಗೆ ಇಳಿದಳು. ಮೇಲೆ ಬಂದಾಗ ಕಾಲು ಮಣ್ಣಾಗಿಯೇ ಇತ್ತು, ಬಾಟಲಿಯ ಮೇಲೆ ಮಾತ್ರ ಹಸಿ ಚೀಲವಿತ್ತು. ಅವಳ ಹಿಂದೆ ಒಬ್ಬೊಬ್ಬರೇ ಇಳಿದರು. ಒಂದೊಂದು ಚೀಲ ಏರಿದಂತೆಲ್ಲ ಒಂದೊಂದು ‘ಲಾಲಪ್ಪ, ಹೆಡ್‌ಮಾಸ್ತರ, ಸಿಂಧನೂರು’ ಕಣ್ಮರೆಯಾಯಿತು. ಬನ್ನಿ ಗಿಡ ಕಾಣುವ ಹೊತ್ತಿಗೆ ಇಡೀ ಮೆರವಣಿಗೆಯಲ್ಲಿ ಉಳಿದ ಹೆಸರು ಮಾಸ್ತರರ ಕೈಯಲ್ಲಿದ್ದದ್ದೊಂದೇ. ಅದನ್ನು ಅವರು ಕಾದ ಬೆಲ್ಲದಚ್ಚಿನಂತೆ ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ ಬದಲಿಸುತ್ತ ಹಿಡಿದಿದ್ದರು.

ಭೀಮೇಶ ಕಿಸೆಯಿಂದ ನಾಲ್ಕು ಮಡಿಕೆಯ ಚೀಲ ತೆಗೆದ. ಕಾಲುವೆಗೆ ಇಳಿದು ಅದ್ದಿದ, ಹಿಂಡಿದ, ಬಂದು ಅಣ್ಣನ ಮುಂದೆ ಹಿಡಿದ. ಎದೆ ಹಟ್ಟಿಯ ಗಣಿಯ ಸೈರನ್ನಿನಂತೆ ಕೂಗುತ್ತಿತ್ತು.

“ಹಾಕ್ಕೋ ಅಣ್ಣ,” ಎಂದ.

ಜೀವಮಾನದಲ್ಲಿ ಅವನು ಅಣ್ಣನಿಗೆ ಮಾಡಿದ ಮೊದಲ ಅಪ್ಪಣೆ ಅದು. ಮಾಸ್ತರರು ತಮ್ಮನನ್ನು ನೋಡಿದರು, ಚೀಲವನ್ನು ನೋಡಿದರು, ಕೆಂಪಾದ ಅಂಗೈಯನ್ನು ನೋಡಿಕೊಂಡರು. ಹಾಕಿಕೊಂಡರು.

ಗಿಡದ ಹತ್ತಿರ ಜನ ದಟ್ಟವಾಗಿತ್ತು. ತಮ್ಮ ಸರದಿ ಬಂದು, ಎಲೆ ಹರಿದು, ಒಬ್ಬರಿಗೊಬ್ಬರು ಕೊಟ್ಟು, ಬಂಗಾರದಂತೆ ಇರೋಣ ಎನ್ನುವ ಹೊತ್ತಿಗೆ ಸೂರ್ಯ ಗದ್ದೆಯನ್ನು ಮುಟ್ಟಿದ್ದ. ಮಷೀನಿನ ಮಾತನ್ನು ಯಾರೂ ಎತ್ತಲಿಲ್ಲ. ಎತ್ತುವ ಅಗತ್ಯವಿರಲಿಲ್ಲ, ಸೋಫಾವನ್ನು ಒಳಕೋಣೆಯಲ್ಲೂ ಇಡಬಹುದು ಎಂದು ಉಮಾದೇವಿ ದಾರಿಯಲ್ಲೇ ಭೀಮೇಶನಿಗೆ ಹೇಳಿದ್ದಳು. ಮಾಸ್ತರರು ಮಾತ್ರ ಗಿಡದ ಬುಡದ ಕಟ್ಟೆಗೆ ಕೂತು, ಒಂದೊಂದೇ ಗುಟುಕು ಕುಡಿಯುತ್ತ, ಚೀಲವನ್ನು ಹಿಂದೆ ಮುಂದೆ ತಿರುವಿ ನೋಡುತ್ತಿದ್ದರು. ತಮ್ಮ ಹೆಸರು ಇದ್ದಿರಬೇಕಾದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ಗಂಟಲು ಸರಿಮಾಡಿಕೊಂಡರು. ಅಶೋಕ ಬರಬಹುದೆಂದು ಎಲ್ಲರೂ ಅಂಜಿದರು. ಬರಲಿಲ್ಲ.

“ಸುಕನ್ಯಾ,” ಎಂದರು, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ. “ಮುಂದಿನ ದಸರಾಕ್ಕ ಮಾಡ್ತಿಯಲ್ಲ, ಆವಾಗ ಇದರ ಮ್ಯಾಲ ನನ್ನ ಹೆಸರು ಹೆಣ್ಯಾಕ ಬರತೈತ್ಯೇನವ?”

ಭೀಮೇಶನಿಗೆ ಕಣ್ಣು ಮಂಜಾಯಿತು. ಇದೊಂದು ಮಾತಿಗಾಗಿ ಅವನ ಹೆಂಡತಿ ಮೇ ತಿಂಗಳ ಉರಿಯನ್ನು ತುಳಿದಿದ್ದಳು, ತಾನು ಕೊಡೆ ಹಿಡಿದಿದ್ದ. ಹೂಂ ಎಂದುಬಿಡು, ಮನೆಯಲ್ಲಿ ಶಾಂತಿ ನೆಲೆಸಲಿ ಎಂದು ಮನಸ್ಸಿನಲ್ಲೇ ಕೈಮುಗಿದ.

ಸುಕನ್ಯಾ ಭಾವನ ಅಂಗೈಯಲ್ಲಿ ಬನ್ನಿ ಎಲೆ ಇಟ್ಟು, ಬಗ್ಗಿ ಕಾಲು ಮುಟ್ಟಿ, ಎದ್ದು ನಿಂತಳು.

“ಮುಂದಿನ ದಸರಾಕ್ಕ ಟೊಪ್ಪಗಿ ರೀ ಭಾವ,” ಎಂದಳು. “ನಿಮ್ಮ ತಲಿ ಅಳತಿ ಮಷೀನ್ ಮ್ಯಾಲಿನ ಮೊಳಿಗಿ ಹಾಕೀನಿ.”